ತೊಂಬತ್ತು ಕೆಜಿ ಸಿಪಾಯಿಯಾಗಿ ಟೇಕಲ್‌ಗೆ

ಮುಳಬಾಗಿಲಿನಲ್ಲಿ ಬಸ್ ಹತ್ತಿದಾಗ ನಾನು ಐವತ್ತೆರಡು ಕೆಜಿ ಇದ್ದೆ. ಕೋಲಾರದಲ್ಲಿ ಬಸ್ ಬದಲಿಸಿ ವೇಮಗಲ್‌ನಲ್ಲಿ ಇಳಿದ ಅರ್ಧ ಗಂಟೆಯೊಳಗೆ ತೊಂಬತ್ತು ಕೆಜಿಯಾದೆ. ಹೊರಡುವ ಮೊದಲು ತುಪ್ಪದ ದೋಸೆ ಎರಡು ತಿಂದದ್ದು ನಿಜ, ಆದರೆ ಅಪವಾದ ಅದರ ಮೇಲೆ ಹಾಕಲಾಗದು. ಮಿಕ್ಕದ್ದು ಮಣ್ಣು. ಚೀಲಕ್ಕೆ ತುಂಬಿ ನನ್ನ ಬೆನ್ನಿಗೆ ಕಟ್ಟಿದ್ದರು.

ಕಟ್ಟಿದವನು ನನ್ನ ಸೋದರಮಾವ ಮುನಿರತ್ನಂ, ಅಲ್ಲಿನ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ವೆಲ್ಡರ್. ಸೈನ್ಯಕ್ಕೆ ತೋರಿಸಲು ಎರಡು ವರ್ಷದಿಂದ ಆ ಕಾರ್ಖಾನೆಯವರು ಒಂದು ಗಾಡಿ ಕಟ್ಟುತ್ತಿದ್ದರು: ನಾಲ್ಕು ಚಕ್ರ, ಸುತ್ತ ಗುಂಡು ತಡೆಯುವ ಉಕ್ಕು, ಹಿಂದೆ ಒಂದೇ ಬಾಗಿಲು, ಒಳಗೆ ಎದುರುಬದುರಾಗಿ ಎಂಟು ಸೀಟು. ಮೊದಲು ಮಾಡಿದ ಬಾಗಿಲು ಇಬ್ಬರು ತಳ್ಳಿದರೂ ತೆರೆಯಲಿಲ್ಲವಂತೆ. ಎರಡನೆಯದರ ಸಂದಿನಲ್ಲಿ ಮಳೆನೀರು ಬಂತಂತೆ. ಈಗಿನದು ಮೂರನೆಯದು. ಬಾಗಿಲು ಬದಲಾದರೂ ಸೀಟು ಬದಲಾಗಿರಲಿಲ್ಲ. ಅವು ಮಾವನ ಕೈಕೆಲಸ. ಆ ಸೀಟುಗಳ ಬಗ್ಗೆ ಅವನು ಮಾತಾಡುವುದನ್ನು ಕೇಳಿದರೆ ಮನೆಯಲ್ಲಿ ಅತ್ತೆಗೆ ಹೊಟ್ಟೆಯುರಿಯಬೇಕು.

ಮುಂದಿನ ವಾರ ಸೈನ್ಯದವರು ಬರುವವರಿದ್ದರು. ಅದಕ್ಕೆ ಮೊದಲು, ಟೇಕಲ್ ಹತ್ತಿರ ಕೆಲಸ ನಿಂತುಹೋದ ಒಂದು ಕಲ್ಲುಕ್ವಾರಿಯ ಇಳಿಜಾರಿನಲ್ಲಿ ಎಂಟು ಜನರನ್ನು ಕೂರಿಸಿ ಗಾಡಿ ಓಡಿಸಬೇಕಿತ್ತು. ಕಾರ್ಖಾನೆಯಲ್ಲಿ ಮಾವನೂ ಸೇರಿ ಏಳು ಮಂದಿ ಸಿಕ್ಕರು. ಊರಿನಲ್ಲಿ ಎಲ್ಲರ ದನಿ ಅಣಕಿಸಿಕೊಂಡು ಖಾಲಿ ಕೂತಿದ್ದ ನಾನು ಎಂಟನೆಯವನಾದೆ. ಸಾಮಾನು ಹೊತ್ತ ಒಬ್ಬ ಸಿಪಾಯಿಯೆಂದರೆ ತೊಂಬತ್ತು ಕೆಜಿ ಲೆಕ್ಕ; ಕಡಿಮೆ ಬಿದ್ದಷ್ಟಕ್ಕೆ ಮಣ್ಣು. ದೇಶಸೇವೆಗೆ ನನ್ನನ್ನು ಕರೆದದ್ದು ಇದೇ ಮೊದಲು, ಅದೂ ತೂಕಕ್ಕೆ.

ಒಂಬತ್ತಕ್ಕೆ ಹೊರಟೆವು. ಗಾಡಿ ಟ್ರೈಲರ್ ಮೇಲೆ ಟಾರ್ಪಾಲ್ ಹೊದ್ದು ಮುಂದೆ, ನಾವು ಕಾರ್ಖಾನೆಯ ವ್ಯಾನಿನಲ್ಲಿ ಹಿಂದೆ. ಮುಂದಿನ ಸೀಟಿನಲ್ಲಿ ಶ್ರೀನಿವಾಸಪುರದ ಹವಾಲ್ದಾರ್ ರೆಡ್ಡಪ್ಪನವರು ಕೂತಿದ್ದರು. ಸೈನ್ಯದಲ್ಲಿ ಇಂಥ ಗಾಡಿಗಳನ್ನೇ ಓಡಿಸಿ ನಿವೃತ್ತರಾದವರು; ಪರೀಕ್ಷೆ ನೋಡಲೆಂದು ಕಾರ್ಖಾನೆ ಕರೆಸಿತ್ತು. ಅವರು ಕಾಗದಕ್ಕೆ ಸಹಿ ಹಾಕಿದರೆ ಗಾಡಿ ಮುಂದಕ್ಕೆ. ಹಾಕದಿದ್ದರೆ ಮಾವನ ಸೀಟುಗಳು ಉಕ್ಕು ಕತ್ತರಿಸುವ ಗ್ರೈಂಡರ್‌ಗೆ.

ಕೋಲಾರ ದಾಟಿ ವಕ್ಕಲೇರಿಯಲ್ಲಿ ಚಹಾಕ್ಕೆ ನಿಲ್ಲಿಸಿದರು. ಡೈರಿಯ ಮುಂದೆ ಹಾಲಿನ ಕ್ಯಾನು ಇಳಿಸುತ್ತಿದ್ದವನೊಬ್ಬ ಟ್ರೈಲರ್ ನೋಡಿ, "ಏನಣ್ಣಾ ಅದು, ಬೋರ್‌ವೆಲ್ ಗಾಡಿನಾ?" ಎಂದ. ಮಾವನ ಮುಖ ಸಣ್ಣದಾಯಿತು.

ಇಂಥ ಗಾಡಿ ಯಾಕೆ ಬೇಕೆಂದು ನಾನು ಹವಾಲ್ದಾರರನ್ನು ಕೇಳಿದೆ.

"ಟ್ಯಾಂಕ್ ಎಲ್ಲಾ ಕಡೆ ಹೋಗಲ್ಲಪ್ಪಾ. ಬೆಟ್ಟದ ರಸ್ತೆ, ಸಣ್ಣ ಸೇತುವೆ, ಅದರ ಭಾರ ತಡೀತಾವಾ? ಇದು ಹೋಗುತ್ತೆ. ಗುಂಡು ತಡೀತದೆ, ದೊಡ್ಡ ಶೆಲ್ಲು ತಡಿಯಲ್ಲ. ಹೊತ್ಕೊಂಡು ಹೋಗಿ ಇಳಿಸಬೇಕು, ಅಷ್ಟೇ ಇದರ ಕೆಲಸ. ಹೋಗೋದು ಎಲ್ಲಾ ಗಾಡೀನೂ ಹೋಗುತ್ತೆ. ಇಳಿಸೋದನ್ನ ನೋಡ್ಬೇಕು."

"ಭಾರದ ಪರೀಕ್ಷೆ ಆಗ್ಲೇ ಪಾಸಾಗಿದೆ ಸಾರ್. ಎಂಟು ಜನದ ತೂಕ, ನಲವತ್ತೆಂಟು ಟೊಮೆಟೊ ಬಾಕ್ಸ್, ಒಂದೊಂದ್ರಲ್ಲಿ ಹದಿನೈದು ಕೆಜಿ ಮಣ್ಣು. ಅಳತೆ ಮಾಡಿದಂಗೆ ಕೂತ್ಕೊಂಡ್ವು" ಎಂದ ಮಾವ.

ನಮ್ಮ ಕಡೆ ಯಾವ ಭಾರವಾದರೂ ಟೊಮೆಟೊ ಮಂಡಿಯ ಬಾಕ್ಸಿನ ಲೆಕ್ಕದಲ್ಲೇ ತಲೆಗೆ ಹತ್ತುವುದು. ಹವಾಲ್ದಾರರು ಚಹಾದ ಲೋಟ ಕೆಳಗಿಟ್ಟು, "ಬಾಕ್ಸಿಗೆ ಮೊಣಕಾಲು ಇರ್ತಾವೇನಪ್ಪಾ?" ಎಂದರು.

ವ್ಯಾನ್ ಮಾಲೂರು ದಾಟುವವರೆಗೆ ನಾನು ಈ ಮಾತನ್ನು ಅವರದೇ ದನಿಯಲ್ಲಿ ನಾಲ್ಕು ಸಲ ಹೇಳಿ ಎಲ್ಲರನ್ನೂ ನಗಿಸಿದೆ. ಐದನೆಯ ಸಲಕ್ಕೆ ಮುಂದಿನ ಸೀಟಿನಿಂದ ಅಸಲಿ ದನಿಯೇ ಬಂತು: "ಬಾಗುಂದಿರಾ, ಚೆನ್ನಾಗಿದೆ. ಕೆಮ್ಮು ಒಂದು ಬಿಟ್ಟಿದ್ದೀಯ."

ಟೇಕಲ್ ಬೆಟ್ಟ ಕಾಣಿಸಿದಾಗ ಹನ್ನೊಂದೂವರೆ. ಕ್ವಾರಿಯಲ್ಲಿ ಒಂದು ಮರವೂ ಇಲ್ಲ. ಗಾಡಿಯೊಳಗೆ ಕೂತ ಮೇಲೆ ಇಡ್ಲಿಗೆ ಹೇಗನಿಸಬಹುದೆಂದು ತಿಳಿಯಿತು. ಬಾಗಿಲ ಪಕ್ಕದ ಎರಡು ಸೀಟಿನಲ್ಲಿ ಎದುರುಬದುರು ನಾನೂ ಮಾವನೂ. ನಿಯಮ ಸರಳವಾಗಿತ್ತು. ಗಾಡಿ ನಿಂತ ಕೂಡಲೇ ಹವಾಲ್ದಾರರು ಹೊರಗಿನಿಂದ "ಉತರೋ!" ಎಂದು ಕೂಗುತ್ತಾರೆ, ಇಳಿಯಿರಿ ಎನ್ನುವುದಕ್ಕೆ ಸೈನ್ಯದ ಹಿಂದಿ. ಅವರು ಹತ್ತು ಎಣಿಸುವಷ್ಟರಲ್ಲಿ ಎಂಟೂ ಜನ ಹೊರಗಿರಬೇಕು.

ಮೊದಲ ಸಲ ಸಮತಟ್ಟಿನಲ್ಲಿ. ಬಾಗಿಲ ಬಳಿಯವರು ಮೊದಲು, ಒಳಗಿನವರು ಆಮೇಲೆ, ರೇಷನ್ ಅಂಗಡಿ ಸಾಲಿನಂತೆ ಇಳಿದೆವು. ಒಂಬತ್ತು. ಮಾವ ನನ್ನ ಬೆನ್ನಿನ ಮಣ್ಣಿಗೆ ಗುದ್ದಿದ.

ಎರಡನೆಯದು ಇಳಿಜಾರಿನಲ್ಲಿ. ಗಾಡಿ ಗುಂಡಿ ಹಾರಿ ಹಾರಿ ಇಳಿಯುತ್ತಿತ್ತು. ಒಳಗಿನ ಮುಖಗಳೆಲ್ಲ ಗಂಭೀರವಾಗಿದ್ದವು. ನನಗೆ ಅದನ್ನು ತಡೆಯಲಾಗಲಿಲ್ಲ. ಗಾಡಿ ಇನ್ನೂ ಉರುಳುತ್ತಿರುವಾಗಲೇ ಕೆಮ್ಮು ಸೇರಿಸಿ "ಉತರೋ!" ಎಂದು ಕೂಗಿದೆ.

ಒಳಗಿನ ಆರೂ ಜನ ಒಟ್ಟಿಗೆ ಎದ್ದರು. ಗಾಡಿ ಕುಲುಕಿತು. ಆರೂ ಜನ, ಮಣ್ಣಿನ ಸಮೇತ, ನನ್ನ ಮತ್ತು ಮಾವನ ಮೇಲೆ ಬಿದ್ದರು. ನಮ್ಮಿಬ್ಬರ ಮೊಣಕಾಲು ಒಂದರೊಳಗೊಂದು ಸಿಕ್ಕಿಕೊಂಡವು. ಗಾಡಿ ನಿಂತಿತು, ಬಾಗಿಲು ತೆರೆಯಿತು, ಬಿಸಿಲು ಒಳಗೆ ಬಂತು, ನಾವು ಹೊರಗೆ ಹೋಗಲಿಲ್ಲ. ಹೊರಗೆ ಎಣಿಕೆ ಹತ್ತಕ್ಕೆ ನಿಲ್ಲಲಿಲ್ಲ. ಹದಿನೈದು, ಇಪ್ಪತ್ತು. ಮಾವ ತಾನು ಬೆಸೆದ ಸೀಟಿನಿಂದ ಏಳಲಾರದೆ ನನ್ನ ಕಿವಿಯಲ್ಲಿ ಬೈಯುತ್ತಿದ್ದ. ಕೊನೆಯವನು ಇಳಿದಾಗ ಮೂವತ್ತೊಂದು.

"ಇದು ಲೆಕ್ಕಕ್ಕಿಲ್ಲ ಸಾರ್!" ಮಾವ ಕುಂಟುತ್ತ ಬಂದ. "ಈ ಕೋತಿ ನಿಮ್ ಥರ ಕೂಗಿದ್ದು. ಇನ್ನೊಂದ್ ಸಲ ಮಾಡಣ. ಸರದೀಲಿ ಇಳೀತೀವಿ."

"ನಾನೇ ಸಾರ್. ತಮಾಷೆಗೆ" ಎಂದೆ. ನನ್ನ ಸ್ವಂತ ದನಿ ಅಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ.

ಹವಾಲ್ದಾರರು ನನ್ನನ್ನು ಬೈಯಲಿಲ್ಲ. ಬಾಗಿಲಿನ ಉಕ್ಕಿನ ಮೇಲೆ ಕೈಯಿಟ್ಟು, ಸುಟ್ಟಿತೆಂದು ತೆಗೆದರು.

"ಮುನಿರತ್ನಂ, ಹೊಡೆತ ಬಿದ್ದಾಗ ಸರದಿ ಯಾರು ಕಾಯ್ತಾರೆ? ಸೈನ್ಯದಲ್ಲಿದ್ದಾಗ ಬೆಟ್ಟದ ರಸ್ತೇಲಿ ಒಂದ್ ಸಲ ನನ್ನ ಗಾಡಿಗೆ ಬೆಂಕಿ ಹತ್ತಿತ್ತು. ನಾನು ಮುಂದಿಂದ ಹಾರಿ ಹಿಂದಕ್ಕೆ ಓಡಿದೆ. ಐದು ಜನ ಇಳಿದ್ರು. ಆರನೇವನಿಗೆ ಎಣಿಸ್ಕೊಂಡು ನಿಂತಿದ್ದೆ."

ಜೇಬಿನ ಕಾಗದವನ್ನು ಅವರು ಹೊರಗೆ ತೆಗೆಯಲಿಲ್ಲ.

ಮಾವ ಸೀಮೆಸುಣ್ಣ ತೆಗೆದುಕೊಂಡು ಒಬ್ಬನೇ ಒಳಗೆ ಹೋಗಿ ಬಾಗಿಲ ಪಕ್ಕದ ಎರಡು ಸೀಟಿನ ಮೇಲೆ ಕತ್ತರಿ ಗುರುತು ಹಾಕಿದ. ಒಂದು ಅವನದು, ಒಂದು ನನ್ನದು. ಉಳಿದ ಆರು ಜನರನ್ನು ಹತ್ತಿಸಿ, ಗಾಡಿಯನ್ನು ಮತ್ತೆ ಇಳಿಜಾರಿನಲ್ಲಿ ಓಡಿಸಲು ಹೇಳಿದ.

"ಲೇ ಮಂಜ," ಎಂದ ಹೊರಗೆ ನನ್ನ ಪಕ್ಕ ನಿಂತು, "ಕೂಗೋ. ಅದೇ ಥರ. ಯಾವಾಗ ಅಂತ ಅವರಿಗೆ ಹೇಳ್ಬೇಡ."

ಕೂಗಿದೆ. ಒಬ್ಬರ ಮೇಲೊಬ್ಬರು ಬಿದ್ದೇ ಬಂದರು, ಆದರೆ ಬಂದರು. ಎಂಟು ಎಣಿಸುವಷ್ಟರಲ್ಲಿ ಆರು ಜನ. ಹವಾಲ್ದಾರರು ಆರನೆಯವನ ತೋಳು ಹಿಡಿದು, ಅಗತ್ಯಕ್ಕಿಂತ ತುಸು ಹೆಚ್ಚು ಹೊತ್ತು ಬಿಡಲಿಲ್ಲ. ಆಮೇಲೆ ಪೆನ್ನು ಕೇಳಿದರು. ಕಾಗದದಲ್ಲಿ ಎಂಟು ಎಂದಿದ್ದುದನ್ನು ಹೊಡೆದು ಆರು ಎಂದು ಬರೆದು ಸಹಿ ಹಾಕಿದರು.

ನಾನು ಟೇಕಲ್ ಸ್ಟೇಷನ್ನಿನಿಂದ ಸಂಜೆಯ ಪ್ಯಾಸೆಂಜರಿಗೆ ಬಂಗಾರಪೇಟೆ ಟಿಕೆಟ್ ತೆಗೆದುಕೊಂಡೆ. ಹತ್ತು ರೂಪಾಯಿ. ರೈಲು ಹೊರಟಾಗ ದೂರದ ರಸ್ತೆಯಲ್ಲಿ ಟ್ರೈಲರ್ ಕಾಣಿಸಿತು. ಟಾರ್ಪಾಲಿನ ಹಿಂಬದಿ ಮೇಲೆದ್ದಿತ್ತು. ಒಳಗೆ ಮಾವ ಕೂತಿರಬೇಕು, ಆ ಎರಡು ಸೀಟು ಕತ್ತರಿಸುವ ಮೊದಲು ಒಂದು ಸಲ.

ಬೋಗಿ ಕಿಕ್ಕಿರಿದಿತ್ತು. ಎದುರಿನ ಸೀಟಿನ ಅಜ್ಜಿಯ ಮೊಣಕಾಲು ನನ್ನದಕ್ಕೆ ತಾಗುತ್ತಿತ್ತು. ಬಂಗಾರಪೇಟೆ ಬರುವ ಮೊದಲೇ ನಾನು ಎದ್ದು ನಿಂತೆ.

"ಇನ್ನೂ ನಿಂತಿಲ್ಲ, ಏನಪ್ಪಾ ಅವಸರ?" ಎಂದಳು ಅಜ್ಜಿ.

"ನಿಮಗೆ ದಾರಿ ಬಿಡ್ತಿದ್ದೀನಿ ಅಜ್ಜಿ" ಎಂದೆ. ರೈಲು ನಿಂತ ಮೇಲೆ ಅವಳು ಇಳಿಯುವವರೆಗೆ ಮನಸ್ಸಿನಲ್ಲಿ ಎಣಿಸಿದೆ. ಹದಿನಾಲ್ಕು.