ಬಲಕ್ಕೆ ಬಂದ ಸ್ಟೇರಿಂಗ್

ಗುಬ್ಬಿಯ ಒಬ್ಬ ಮೆಕ್ಯಾನಿಕ್ ಹೊತ್ತಿಸದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಮಾತುಮಾತಿಗೂ “ನಿಧಾನ ಸ್ವಾಮಿ” ಎನ್ನುತ್ತಿದ್ದ. ಎಪ್ಪತ್ತರ ದಶಕದಲ್ಲಿ ನನ್ನ ಹಳೇ ಫಾರಿನ್ ಕಾರಿನ ಎಡಗಡೆಯ ಸ್ಟೇರಿಂಗನ್ನು ಬಲಕ್ಕೆ ಕೂರಿಸಿಕೊಟ್ಟವನು ಅವನೇ.

“ಬಲಗಡೆ ಕೂತ್ರೆ ಎಡಮಗ್ಗುಲ ಅಂದಾಜು ತಕ್ಷಣ ಸಿಗಲ್ಲ. ಒಂದ್ವಾರ ಖಾಲಿ ರಸ್ತೇಲಿ ಓಡ್ಸಿ,” ಎಂದಿದ್ದ.

ನಾನು ಮರುದಿನವೇ ಕುಣಿಗಲ್ಲಿಗೆ ಹೋಗಿ, ಮಾವನ ಮನೆಯ ಗೇಟಿಗೆ ಎಡಮಗ್ಗುಲು ಉಜ್ಜಿದೆ. ನಾಚಿಕೆಯಾಗಿ, “ಸ್ಟೇರಿಂಗ್ ಸರಿಯಾಗಿ ಕೂರಿಸಿಲ್ಲ” ಎಂದುಬಿಟ್ಟೆ.

ಮಾವ ಅವನನ್ನು ಕರೆಸಿ, “ಏನ್ಲಾ, ನನ್ನ ಅಳಿಯನ್ನ ಸಾಯಿಸ್ತಿದ್ಯಲ್ಲೋ!” ಎಂದು ಗದರಿದರು.

ಅವನು ಸ್ಟೇರಿಂಗ್ ತಿರುಗಿಸಿ ನೋಡಿ, ನನ್ನ ಮುಖವನ್ನೂ ನೋಡಿ, “ಒಂದ್ ನಟ್ಟು ಸಡ್ಲ ಇತ್ತು ಯಜಮಾನ್ರೇ, ನಂದೇ ತಪ್ಪು,” ಎಂದ. ಮಾವನ ಕಡೆಯವರು ಆಮೇಲೆ ಅವನಿಗೆ ರಿಪೇರಿಗೆ ಗಾಡಿ ಕೊಡಲಿಲ್ಲ.

ಆ ಕಾರನ್ನು ಹದಿನಾಲ್ಕು ವರ್ಷ ಸುಖವಾಗಿ ಓಡಿಸಿದೆ. ಈಗ ಹೇಳುತ್ತಿದ್ದೇನೆ: ಯಾವ ನಟ್ಟೂ ಸಡಿಲವಾಗಿರಲಿಲ್ಲ.