ಕಾಫಿ ಮೂಟೆಯಲ್ಲಿ ದೊಡ್ಡಮ್ಮನ ಫೋನು

ನೀರಿಗೆ ಬಿದ್ದ ದೊಡ್ಡಮ್ಮನ ಫೋನನ್ನು ಒಣಗಲೆಂದು ಕಾಫಿ ಮೂಟೆಯೊಳಗೆ ಹೂತಿಟ್ಟವನು ನಾನೇ. ಯಾರೂ ಹೇಳಿಕೊಡಲಿಲ್ಲ, ಯಾರೂ ಒತ್ತಾಯ ಮಾಡಲಿಲ್ಲ. ಪೂರ್ತಿ ನನ್ನ ಸ್ವಂತ ತಲೆಯಿಂದ ಬಂದ ಐಡಿಯಾ. ಆ ತಲೆಯನ್ನು ಆಮೇಲೆ ಮನೆಯವರೆಲ್ಲ ಸರದಿಯ ಮೇಲೆ ವಿಚಾರಿಸಿಕೊಂಡರು.

ಯಸಳೂರಿನ ಕಡೆ ನಮ್ಮದೊಂದು ಸಣ್ಣ ತೋಟ. ಪಕ್ಕದ್ದು ದೊಡ್ಡಪ್ಪನ ತೋಟ. ನಡುವೆ ಬೇಲಿ ಇದೆ, ಬೇಲಿಯಲ್ಲಿ ನಾನು ತೂರುವಷ್ಟು ದೊಡ್ಡ ಕಂಡಿಯೂ ಇದೆ. ಆ ಕಂಡಿಯಿಂದ ದಿನಾ ಆಚೆ ಹೋಗಿ ತಿಂಡಿ ತಿಂದು, ತಿಂದದ್ದಕ್ಕೆ ಬದಲಾಗಿ ಸಲಹೆ ಕೊಟ್ಟು ಬರುವುದು ನನ್ನ ಉದ್ಯೋಗ. ನಾನು ಈ ಉದ್ಯೋಗಕ್ಕೆ ಸೇರಿದ್ದೂ ಒಂದು ಆಕಸ್ಮಿಕ. ಹೈಸ್ಕೂಲಿನಲ್ಲಿದ್ದಾಗ ದೊಡ್ಡಪ್ಪನ ಮನೆ ಟಿವಿ ಕೆಟ್ಟಿತ್ತು. ಹಿಂದೆ ಹೋಗಿ ನೋಡಿದೆ, ಪ್ಲಗ್ ಸಡಿಲವಾಗಿತ್ತು, ಒತ್ತಿದೆ, ಟಿವಿ ಬಂತು. ಒತ್ತಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. "ಒಳಗಡೆ ಸರ್ಕ್ಯೂಟ್ ಸ್ವಲ್ಪ ಹಿಡ್ಕೊಂಡಿತ್ತು, ಬಿಡಿಸ್ದೆ" ಅಂದೆ. ಅವತ್ತಿನಿಂದ ಕಂಪ್ಯೂಟರು, ಫೋನು, ಮಿಕ್ಸಿ, ಇನ್ವರ್ಟರು, ಏನೇ ಕೈ ಕೊಟ್ಟರೂ ಆ ಕಂಡಿಯ ಕಡೆ ತಿರುಗಿ ನನ್ನನ್ನು ಕೂಗುತ್ತಾರೆ.

ನನ್ನ ಹತ್ತಿರ ಇರುವುದು ಮೂರೇ ಉತ್ತರ. ವೋಲ್ಟೇಜ್ ಸರಿಯಿಲ್ಲ. ಅಪ್‌ಡೇಟ್ ಆಗಬೇಕು. ಸರ್ವರ್ ಡೌನ್. ಮಿಂಚುವಾಗ ವೈಫೈ ಒಳಗಿಂದ ಸಿಡಿಲು ಬರುತ್ತದಾ ಎಂದು ದೊಡ್ಡಮ್ಮ ಕೇಳಿದರೆ, ವೋಲ್ಟೇಜ್ ಮೇಲೆ ಹೋಗುತ್ತದೆ ಅನ್ನುತ್ತೇನೆ. ಕರೆಂಟ್ ಹೋದಾಗ ಕಂಪ್ಯೂಟರಿನೊಳಗಿನ ಅಕ್ಷರಗಳೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ದೊಡ್ಡಪ್ಪ ಕೇಳಿದರೆ, ಸರ್ವರ್ ಕಡೆ ಕೈ ತೋರಿಸುತ್ತೇನೆ. ಸರ್ವರ್ ಯಾವ ದಿಕ್ಕಿಗಿದೆ ಅಂತ ನನಗೂ ಗೊತ್ತಿಲ್ಲ. ಸುಮ್ಮನೆ ಮೂಡಿಗೆರೆ ಕಡೆ ತೋರಿಸುತ್ತೇನೆ.

ವೈಫೈ ಪೆಟ್ಟಿಗೆಯ ವೈರನ್ನು ಇಲಿ ಕಡಿಯುತ್ತದೆ ಎಂದಾಗ, ಪೆಟ್ಟಿಗೆಯನ್ನೇ ಖಾಲಿ ಸ್ಟೀಲ್ ಡ್ರಮ್ಮಿನೊಳಗೆ ಇಡಿಸಿದೆ. ಇಲಿ ಬರಲಿಲ್ಲ, ನಿಜ. ನೆಟ್ಟೂ ಬರಲಿಲ್ಲ. ಸ್ಟೀಲಿನ ಗೋಡೆ ದಾಟಿ ಸಿಗ್ನಲ್ ಬರುವುದಿಲ್ಲ ಎಂಬುದು ನನಗೆ ಹೊಳೆಯುವಷ್ಟರಲ್ಲಿ ಮನೆಯಲ್ಲಿ ಹೊಸ ಪದ್ಧತಿಯೇ ಶುರುವಾಗಿತ್ತು. "ನೆಟ್ ಬೇಕು, ಮುಚ್ಚಳ ತೆಗೀರೇ!" ಎಂದು ದೊಡ್ಡಪ್ಪ ಜಗಲಿಯಿಂದ ಕೂಗುತ್ತಿದ್ದರು.

ಇಷ್ಟಾದರೂ ದೊಡ್ಡಮ್ಮನಿಗೆ ನನ್ನ ಮೇಲಿನ ನಂಬಿಕೆ ಹೋಗಿರಲಿಲ್ಲ. ಅದೇ ಅವರಿಗೆ ಮುಳುವಾಯಿತು.

ದೊಡ್ಡಮ್ಮನ ಮಗಳು, ನನಗೆ ಅಕ್ಕ, ಅವಳ ಮದುವೆ ಹತ್ತಿರ ಬಂದಿತ್ತು. ದೊಡ್ಡಮ್ಮನ ತವರು ಕೆ. ಹೊಸಕೋಟೆ ಕಡೆ. ಅಲ್ಲಿರುವ ಅವರ ಅವ್ವನನ್ನು ನಾನೂ ಅಜ್ಜಿ ಅಂತಲೇ ಕರೆಯುವುದು. ಸುತ್ತಮುತ್ತ ಯಾರ ಮದುವೆಯಾದರೂ ಹಸೆಮಣೆಯ ಮುಂದೆ ಸೋಬಾನೆ ಪದ ಎತ್ತಿಕೊಡುತ್ತಿದ್ದವರು ಈ ಅಜ್ಜಿ. ಈಗ ಉಬ್ಬಸ. ಮನೆ ಮೆಟ್ಟಿಲಿಳಿದರೆ ಏದುಸಿರು. ಮೊಮ್ಮಗಳ ಮದುವೆಗೆ ಬರುವ ಹಾಗಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅದಕ್ಕೇ ದೊಡ್ಡಮ್ಮ ತವರಿಗೆ ಹೋದಾಗಲೆಲ್ಲ, ಅಜ್ಜಿಯ ಉಸಿರು ಚೆನ್ನಾಗಿದ್ದ ದಿನ ನೋಡಿಕೊಂಡು, ಒಂದೊಂದೇ ಪದವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. ಮದುವೆ ದಿನ ಸ್ಪೀಕರಿನಲ್ಲಿ ಹಾಕಿಸಬೇಕು ಅಂತ. "ಅವ್ವ ಬರ್ದಿದ್ರೂ ಅವ್ವನ ಪದ ಬರ್ಬೇಕು ಕಣೋ" ಅನ್ನುತ್ತಿದ್ದರು.

ಆ ಫೋನು ಆಗಾಗ ಬ್ಯಾಕಪ್ ಮಾಡಲಾ ಎಂದು ಕೇಳುತ್ತಿತ್ತು. ಅದು ಕೇಳಿದ್ದನ್ನು ದೊಡ್ಡಮ್ಮ ನನ್ನನ್ನು ಕೇಳಿದರು. "ಸುಮ್ನೆ ನೆಟ್ ತಿನ್ನುತ್ತೆ ದೊಡ್ಡಮ್ಮ, ಫೋನಲ್ಲೇ ಸೇಫಾಗಿರುತ್ತೆ" ಎಂದು ಆಫ್ ಮಾಡಿದೆ. ಅದಕ್ಕೆ ಎರಡು ನೀರುದೋಸೆ ಹೆಚ್ಚಿಗೆ ಸಿಕ್ಕವು.

ಪಲ್ಪಿಂಗ್ ನಡೆಯುತ್ತಿದ್ದ ಒಂದು ಮಧ್ಯಾಹ್ನ, ಸಿಪ್ಪೆ ಬಿಡಿಸಿದ ಕಾಫಿ ತೊಳೆಯುವ ತೊಟ್ಟಿಯ ಮೇಲೆ ದೊಡ್ಡಮ್ಮ ಬಗ್ಗಿದರು. ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಬುಳಕ್ ಎಂದಿತು. ನಾನು ಅಲ್ಲೇ ಇದ್ದೆ. ತೊಟ್ಟಿಗೆ ಕೈ ಹಾಕಿ ತೆಗೆದೆ. ಕಾಫಿಯ ಲೋಳೆಯಲ್ಲಿ ಅದು ಹಾವುಮೀನಿನಂತೆ ಜಾರಿ ಇನ್ನೊಂದು ಸಲ ಬಿತ್ತು. ಮತ್ತೆ ತೆಗೆದೆ.

"ಅಯ್ಯೋ, ಅವ್ವನ ಪದ ಎಲ್ಲಾ ಅದ್ರಲ್ಲೇ ಐತೆ ಕಣೋ! ಏನಾರ ಮಾಡೋ!"

"ಏನೂ ಆಗಲ್ಲ ಸುಮ್ನಿರಿ ದೊಡ್ಡಮ್ಮ. ನಾನಿಲ್ವಾ?"

"ನೀನಿದೀಯಲ್ಲ ಅದಕ್ಕೇ ಭಯ. ಈಗ್ಲೇ ಸಕ್ಲೇಶ್‌ಪುರಕ್ಕೆ ಅಂಗಡಿಗೆ ತಗೊಂಡ್ಹೋಗು" ಅಂದಳು ಅಕ್ಕ.

ಇಡೀ ಪ್ರಕರಣದಲ್ಲಿ ಬಂದ ಒಂದೇ ಒಂದು ಸರಿಯಾದ ಸಲಹೆ ಅದು. ಸಲಹೆ ಕೊಡುವವನು ಇನ್ನೊಬ್ಬರ ಸಲಹೆ ಕೇಳುವುದುಂಟೇ? ಜೀವ ಇದೆಯಾ ನೋಡೋಣ ಎಂದು ಮೊದಲು ಚಾರ್ಜಿಗೆ ಹಾಕಿದೆ. ಪರದೆ ಒಮ್ಮೆ ಬೆಳ್ಳಗಾಯಿತು. ಸುಟ್ಟ ಹಪ್ಪಳದ ವಾಸನೆ ಬಂತು. ಆರಿಹೋಯಿತು.

"ಸ್ಲೀಪಿಗೆ ಹೋಗೈತೆ" ಅಂದೆ.

"ಅಕ್ಕಿ ಡಬ್ಬಕ್ಕಾದ್ರೂ ಹಾಕೋ. ಎಲ್ರೂ ಹಂಗೇ ಮಾಡ್ತಾರೆ" ಎಂದಳು ಅಕ್ಕ.

ನಾನು ನಕ್ಕೆ. ಅಕ್ಕಿ ಪೇಟೆಯವರಿಗೆ. ಮನೆಯಲ್ಲಿ ಮೂಟೆಗಟ್ಟಲೆ ಕಾಫಿ ಇಟ್ಟುಕೊಂಡು ಅಕ್ಕಿಯ ಹಂಗೇಕೆ? ಪಾರ್ಚ್‌ಮೆಂಟನ್ನು, ಅಂದರೆ ಹೊಟ್ಟಿನ ಸಮೇತ ಒಣಗಿಸಿದ ಕಾಫಿ ಬೀಜವನ್ನು, ಥಂಡಿಯಲ್ಲಿ ತೆರೆದಿಟ್ಟರೆ ಗಾಳಿಯ ತೇವ ಹೀರಿ ಭಾರವಾಗುತ್ತದೆ, ಇದು ತೋಟದ ಮಕ್ಕಳಿಗೆಲ್ಲ ಗೊತ್ತು. ಗಾಳಿಯಿಂದ ಹೀರುವ ಕಾಫಿ ಫೋನಿನಿಂದ ಹೀರುವುದಿಲ್ಲವೇ? ಇದನ್ನು ಅಂಗಳದಲ್ಲಿ ನಿಂತು ಒಳ್ಳೆ ಮೇಷ್ಟ್ರ ಥರ ವಿವರಿಸಿದೆ. ದೊಡ್ಡಮ್ಮನಿಗೆ ಒಪ್ಪಿಗೆಯಾಯಿತು. ಸ್ಟೋರಿಗೆ ಹೋಗಿ, ಬಾಗಿಲ ಹತ್ತಿರವೇ ಇದ್ದ ಮೂಟೆಯ ಬಾಯಿ ಬಿಚ್ಚಿ, ಮೊಣಕೈ ಮಟ್ಟ ಕೈ ಇಳಿಸಿ ಫೋನನ್ನು ಮಲಗಿಸಿದೆ. ಬಿಚ್ಚಿದ್ದು ಗೊತ್ತಾಗದಂತೆ ಮತ್ತೆ ಹೊಲಿದೆ. ಆ ಹೊಲಿಗೆಯ ಬಗ್ಗೆ ಈಗಲೂ ನನಗೆ ಹೆಮ್ಮೆಯಿದೆ.

"ದೊಡ್ಡಪ್ಪಂಗೆ ಹೇಳ್ಬೇಡಿ. ಸುಮ್ನೆ ಕೂಗಾಡ್ತಾರೆ. ನಾಳೆ ಒಣಗಿಸಿ ಕೈಗೆ ಕೊಡ್ತೀನಿ" ಅಂದೆ.

ಇದೂ ನನ್ನದೇ ಸಲಹೆ, ನೆನಪಿರಲಿ.

ಮಾರನೆಯ ದಿನ ಬೆಳಗ್ಗೆ ನಾನಿನ್ನೂ ಹಾಸಿಗೆಯಲ್ಲಿದ್ದೆ. ದೊಡ್ಡಮ್ಮ ಜೀವಮಾನದಲ್ಲಿ ಮೊದಲ ಸಲ ಆ ಕಂಡಿಯಿಂದ ತೂರಿ ಬಂದರು.

"ಎದ್ದೇಳೋ! ಸ್ಟೋರು ಖಾಲಿ! ಮೂಟೆ ಎಲ್ಲಾ ಹೋಗ್ಬುಟ್ವು ಕಣೋ!"

ಮದುವೆಗೆ ಬಾಡಿಗೆಯ ಕುರ್ಚಿ, ಪಾತ್ರೆ ಇಡಲು ಜಾಗ ಬೇಕೆಂದು ದೊಡ್ಡಪ್ಪ ಬೆಳಗಾಗುತ್ತಲೇ ಪಿಕಪ್ ಕರೆಸಿ, ಮೂಟೆ ತುಂಬಿಸಿಕೊಂಡು, ತಾವೂ ಹತ್ತಿಕೊಂಡು ಸಕಲೇಶಪುರದ ಕಾಫಿ ವ್ಯಾಪಾರಿಯ ಗೋಡೌನಿಗೆ ಹೊರಟುಬಿಟ್ಟಿದ್ದರು.

"ತಕ್ಷಣ ಫೋನ್ ಮಾಡಿ ದೊಡ್ಡಪ್ಪಂಗೆ!"

"ಯಾವ ಫೋನಿಂದ ಮಾಡ್ಲೋ?"

ನನ್ನದರಿಂದ ಮಾಡಿದೆ. ಬೇಲಿಯಾಚೆ ದೊಡ್ಡಪ್ಪನ ಅಡುಗೆಮನೆಯಲ್ಲಿ ರಿಂಗಾಯಿತು. ಪೂರ್ತಿ ಚಾರ್ಜ್ ಆಗುವ ತನಕ ಫೋನನ್ನು ತೆಗೆಯಲೇಬಾರದು ಎಂದು ಅವರಿಗೆ ಹೇಳಿದ್ದವನು ನಾನೇ.

ಲುಂಗಿಯಲ್ಲೇ ಬೈಕ್ ಹತ್ತಿದೆ. ಆ ತಿರುವುಗಳಲ್ಲಿ ನನ್ನ ಲುಂಗಿ ಬೈಕಿಗಿಂತ ಮುಂದೆ ಹೋಗುತ್ತಿತ್ತು. ಗೋಡೌನಿಗೆ ನಾನು ನುಗ್ಗುವುದಕ್ಕೂ ಅಲ್ಲಿನ ಮನುಷ್ಯ ಸ್ಯಾಂಪಲ್ ತೆಗೆಯುವ ಚೂಪು ಕೊಳವೆಯನ್ನು ಮೂಟೆಗೆ ಚುಚ್ಚುವುದಕ್ಕೂ ಸರಿಹೋಯಿತು. ಠಕ್ ಎಂದಿತು. ಅವನು ಇನ್ನೊಮ್ಮೆ, ಇನ್ನೂ ಜೋರಾಗಿ ಚುಚ್ಚಿದ.

"ನಿಲ್ಸಿ!" ಎಂದು ಕಿರುಚಿದೆ.

ಅವನು ನಿಲ್ಲಿಸಲಿಲ್ಲ. ದೊಡ್ಡಪ್ಪನ ಕಡೆ ತಿರುಗಿ, "ಏನ್ ಗೌಡ್ರೇ, ಇಷ್ಟ್ ವರ್ಷದಲ್ಲಿ ನಿಮ್ಮ ಕಾಫೀಲಿ ಒಂದು ಕಡ್ಡಿ ಸಿಕ್ಕಿಲ್ಲ. ಈಗ ಕಲ್ಲು ಹಾಕಕ್ಕೆ ಶುರು ಮಾಡಿದ್ರಾ?" ಅಂದ.

ದೊಡ್ಡಪ್ಪನ ಮುಖ ಕೆಂಪಗಾಯಿತು. "ಬಗ್ಗಿಸ್ರೀ ಮೂಟೇನ! ಕಲ್ಲು ಸಿಕ್ರೆ ನಾನು ಮತ್ತೆ ಈ ಬಾಗ್ಲಿಗೆ ಬರಲ್ಲ!"

ಬಗ್ಗಿಸಿದರು. ಕಾಳಿನ ರಾಶಿಯ ಮೇಲೆ ದೊಡ್ಡಮ್ಮನ ಫೋನು ಜಾರಿ ಬಂದು ನಿಂತಿತು. ಹಿಂಬದಿಯಲ್ಲಿ ದೊಡ್ಡಮ್ಮ ಅಂಟಿಸಿದ್ದ ವೆಂಕಟರಮಣ ಎಲ್ಲರನ್ನೂ ನೋಡುತ್ತಿದ್ದ. ದೊಡ್ಡಪ್ಪ ಫೋನು ನೋಡಿದರು. ಆಮೇಲೆ ಬಾಗಿಲಲ್ಲಿ ಲುಂಗಿ ಹಿಡಿದುಕೊಂಡು ನಿಂತ ನನ್ನನ್ನು ನೋಡಿದರು. ಗೋಡೌನಿನವನಿಗೆ, "ಕಲ್ಲಲ್ಲ ಕಣ್ರೀ. ನಮ್ಮನೆ ಇಂಜಿನಿಯರು" ಅಂದರು.

ಅಲ್ಲಿಂದ ಮೊಬೈಲ್ ರಿಪೇರಿ ಅಂಗಡಿ. ರಿಪೇರಿಯವನು ಫೋನು ಬಿಚ್ಚಿ ಊದಿದ. ಕಾಫಿಯ ಹೊಟ್ಟು ಹಾರಿ ಅವನ ಮೀಸೆಗೆ ಕೂತಿತು.

"ಅಕ್ಕೀಲಿ ಹಾಕಿರೋದು ನೋಡಿದೀನಿ. ಹೊಟ್ಟು ಬಂದಿದ್ದು ಇದೇ ಫಸ್ಟು. ಅಕ್ಕೀನೂ ಕೆಲಸ ಮಾಡಲ್ಲ, ಅದು ಬೇರೆ ವಿಷಯ. ಒದ್ದೆ ಇದ್ದಾಗ ಚಾರ್ಜಿಗೇನಾದ್ರೂ ಹಾಕಿದ್ರಾ?"

ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

"ಹಂಗಾದ್ರೆ ಬೋರ್ಡ್ ಸುಟ್ಟೈತೆ. ಬ್ಯಾಕಪ್ ಇತ್ತಾ?"

ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನ ಒಂದೂ ಕಾಣಲಿಲ್ಲ.

ಮನೆಗೆ ಬಂದು ಹೇಳಿದಾಗ ದೊಡ್ಡಮ್ಮ ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಅವರು ಸತ್ತ ಫೋನನ್ನು ಸೆರಗಿನಲ್ಲಿ ಒರೆಸಿ, ಒಂದು ಸಲ ಕಿವಿಗೆ ಹಿಡಿದು ನೋಡಿ, ದೇವರ ಗೂಡಿನ ಪಕ್ಕ ಇಟ್ಟರು. "ಈಗ ಅವ್ವಂಗೆ ಒಂದು ಸಾಲು ಹೇಳಕ್ಕೂ ಉಸಿರಿಲ್ಲ" ಅಂದರು. ಅಷ್ಟೇ. ಅವತ್ತು ನನಗೆ ತಿಂಡಿ ಇಳಿಯಲಿಲ್ಲ. ನಮ್ಮ ಮನೆಯ ಇತಿಹಾಸದಲ್ಲಿ ಇದು ದೊಡ್ಡ ಸುದ್ದಿ.

ಮರುದಿನ ದೊಡ್ಡಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕೆ. ಹೊಸಕೋಟೆಗೆ ಹೊರಟೆ. ಅಜ್ಜಿ ಬಿಸಿಲಿಗೆ ಮಂಚ ಹಾಕಿಸಿಕೊಂಡು ಕೂತಿದ್ದರು. ನಾನು ಕಾಲಿಗೆ ಬಿದ್ದು ನಡೆದದ್ದನ್ನೆಲ್ಲ ಒಪ್ಪಿಸಿದೆ. ಅಜ್ಜಿ ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಮತ್ತೆ ನಕ್ಕರು.

"ಕಾಫಿ ಮೂಟೆಗಾ? ಹುರಿದು ಪುಡಿ ಮಾಡ್ಲಿಲ್ವಲ್ಲ ಸದ್ಯ! ಎಲ್ಲಿ, ನಿನ್ನ ಫೋನ್ ತೆಗಿ."

"ನಿಂಗೆ ಆಗಲ್ಲ ಕಣವ್ವ" ಎಂದರು ದೊಡ್ಡಮ್ಮ.

"ಒಬ್ಬಳಿಗೇ ಆಗಲ್ಲ. ಸೋಬಾನೆ ಒಬ್ಬಳೇ ಹೇಳೋದೇ ಅಲ್ಲ ಕಣೇ. ನಾನೊಂದು ಸಾಲು ಎತ್ಕೊಡ್ತೀನಿ, ನೀವು ತಿರುಗಿ ಹೇಳಿ. ಅಷ್ಟೊತ್ತಿಗೆ ನನ್ನ ಉಸಿರು ವಾಪಸ್ ಬರ್ತದೆ. ಮೊದ್ಲಿನ ಸಲ ನೀನು ಬರೀ ಫೋನ್ ಹಿಡ್ಕೊಂಡು ಗೊಂಬೆ ಥರ ಕೂತಿದ್ದೆ, ಅದೇನು ಪದನಾ?" ಎಂದು ಮಗಳನ್ನು ಗದರಿ, ನನ್ನ ಕಡೆ ತಿರುಗಿದರು. "ನೀನೂ ಹೇಳ್ಬೇಕು."

"ನಾನಾ? ಅಜ್ಜಿ, ನನ್ನ ಸ್ವರ..."

"ಸಲಹೆ ಕೊಡಕ್ಕೆ ಬಾಯಿ ಐತಲ್ಲ?"

ಫೋನನ್ನು ಮಂಚದ ಮೇಲೆ ಇಟ್ಟು ರೆಕಾರ್ಡ್ ಒತ್ತಿದೆ. ಅಜ್ಜಿ ಒಂದು ಸಾಲು ಎತ್ತಿದರು. ಸಣ್ಣ ಸ್ವರ, ಆದರೆ ನೇರ. ಕೊನೆಯಲ್ಲಿ ಉಸಿರು ಕಡಿಯಿತು. ಕಡಿದ ಜಾಗದಿಂದ ದೊಡ್ಡಮ್ಮ ಹಿಡಿದುಕೊಂಡರು. ಅವರ ಹಿಂದೆ ನಾನು ಕರು ಕಳೆದುಕೊಂಡ ಎಮ್ಮೆಯಂತೆ ಹೊರಟೆ. ನಾವು ಹೇಳಿ ಮುಗಿಸುವಷ್ಟರಲ್ಲಿ ಅಜ್ಜಿ ಮುಂದಿನ ಸಾಲಿಗೆ ಸಿದ್ಧ. ಹೀಗೇ ಬಿಸಿಲು ಮಂಚ ಬಿಟ್ಟು ಗೋಡೆ ಹತ್ತುವ ತನಕ, ಮಧ್ಯೆ ಮಧ್ಯೆ ಬಿಸಿನೀರು ಕುಡಿಸಿ, ಹಸೆಗೆ ಕರೆಯುವುದರಿಂದ ಹಿಡಿದು ಆರತಿಯ ತನಕ ಎಲ್ಲ ಪದಗಳೂ ಆದವು. ಆದ ಕೂಡಲೇ ಸಿಗ್ನಲ್ ಸಿಗುವ ದಿಬ್ಬಕ್ಕೆ ಓಡಿಹೋಗಿ ಅಕ್ಕನಿಗೆ, ದೊಡ್ಡಪ್ಪನಿಗೆ, ಅಪ್ಪನಿಗೆ, ಗೊತ್ತಿದ್ದವರಿಗೆಲ್ಲ ಕಳಿಸಿದೆ. ಬ್ಯಾಕಪ್ಪೂ ಆನ್ ಮಾಡಿದೆ.

ಮದುವೆಯ ದಿನ ಅಕ್ಕ ಹಸೆಮಣೆಗೆ ಬಂದಾಗ ಸ್ಪೀಕರಿನಲ್ಲಿ ಅಜ್ಜಿಯ ಪದ ಬಂತು. ಆಮೇಲೆ ದೊಡ್ಡಮ್ಮನ ಸ್ವರ ಬಂತು, ಹೆಂಗಸರು ಒಬ್ಬೊಬ್ಬರೇ ಸೇರಿಕೊಂಡರು. ಆಮೇಲೆ ನಾನು ಬಂದೆ. ಊಟದ ಮನೆಯಿಂದ ಭಟ್ಟರೊಬ್ಬರು ಸೌಟು ಹಿಡಿದುಕೊಂಡೇ ಇಣುಕಿ ನೋಡಿದರು. "ಯಾರದು, ಸ್ಪೀಕರ್ ಹರಿದೈತೇನೋ ನೋಡ್ರಪ್ಪ" ಎಂದು ಯಾರೋ ಅಂದರು. ದೊಡ್ಡಪ್ಪ ಎದ್ದು ನಿಂತು ಬೆರಳು ತೋರಿಸಿ ನನ್ನನ್ನು ಪರಿಚಯ ಮಾಡಿಕೊಟ್ಟರು.

ಮದುವೆ ಮುಗಿದು, ಕುರ್ಚಿಗಳೆಲ್ಲ ವಾಪಸ್ ಹೋಗಿ, ಸ್ಟೋರಿಗೆ ಮತ್ತೆ ಕಾಫಿ ಬರತೊಡಗಿದ ಮೇಲೂ ದೊಡ್ಡಮ್ಮ ಹೊಸ ಫೋನಿನಲ್ಲಿ ಆ ಪದಗಳನ್ನು ಹಾಕಿಕೊಂಡೇ ರೊಟ್ಟಿ ತಟ್ಟುತ್ತಾರೆ. ಮೊನ್ನೆ ನಾನು ತಟ್ಟೆ ಹಿಡಿದು ಕೂತಿದ್ದಾಗ ಸರಿಯಾಗಿ ನನ್ನ ಸ್ವರದ ಸಾಲು ಬಂತು. ನಾಚಿಕೆಯಾಯಿತು.

"ದೊಡ್ಡಮ್ಮ, ಈಗ ಕಂಪ್ಯೂಟರಲ್ಲಿ ಒಂದು ಸಾಫ್ಟ್‌ವೇರ್ ಐತೆ. ಬೇಡದ ಸ್ವರ ಮಾತ್ರ ಆರಿಸಿ ತೆಗೆದ್ಬಿಡಬಹುದು. ಕೊಡಿ ಫೋನು, ನಾನು..."

ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ಫೋನನ್ನು ಸರಕ್ಕನೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಬ್ಯಾಡ ಮಾರಾಯ, ಹಂಗೇ ಇರ್ಲಿ ಬುಡು. ನೀನು ತೆಗೆಯಕ್ಕೆ ಹೋದ್ರೆ ಅವ್ವನ ಸ್ವರ ಹೋಗಿ ನಿಂದೊಂದೇ ಉಳ್ಕೊಂಡ್ಬುಡುತ್ತೆ."