ಗೋಡೆಯ ಮೇಲಿನ ಗ್ರಂಥಾಲಯ

ಊರಿನಲ್ಲಿ ಅವನನ್ನು ಎಲ್ಲರೂ ಆರ್ಟಿಸ್ಟ್ ಎಂದೇ ಕರೆಯುತ್ತಿದ್ದರು. ಮೊದಮೊದಲು ಗೇಲಿಗೆ ಇಟ್ಟ ಹೆಸರು, ಆಮೇಲೆ ಅದೇ ಅಂಟಿಕೊಂಡಿತು. ಅವನಪ್ಪ ನಾಟಕ ಕಂಪನಿಗೆ ಪರದೆ ಬರೆಯುತ್ತಿದ್ದವನು. ಅರಮನೆಯ ಪರದೆ ಇಳಿಬಿಟ್ಟರೆ ಮುಂದಿನ ಸಾಲಿನವರು, ಕಂಬದ ಹಿಂದೆ ಯಾರಾದರೂ ಅವಿತಿದ್ದಾರೇನೋ ಎಂದು ಬಗ್ಗಿ ನೋಡುತ್ತಿದ್ದರಂತೆ. ಮಗನಿಗೂ ಆ ಕೈ ಬಂದಿತ್ತು. ಆದರೆ ಕಂಪನಿ ಮುಚ್ಚಿತು. ಅಂಗಡಿ ಬೋರ್ಡುಗಳನ್ನು ಪ್ರಿಂಟಿಂಗ್ ಮಷೀನು ನುಂಗಿ ನೀರು ಕುಡಿಯಿತು. ಕೊನೆಗೆ ಅವನ ಪಾಲಿಗೆ ಉಳಿದದ್ದು ಸರ್ಕಾರಿ ಕೆಲಸಗಳ ಬೋರ್ಡು ಮಾತ್ರ. ಚರಂಡಿಯ ಪಕ್ಕ, ನೀರಿನ ಟ್ಯಾಂಕಿನ ಪಕ್ಕ ಹಳದಿ ಬಳಿದು, ಕಾಮಗಾರಿಯ ಹೆಸರು, ತಗುಲಿದ ಖರ್ಚು, ಮುಗಿದ ವರ್ಷ ಎಂದು ಕಪ್ಪಕ್ಷರದಲ್ಲಿ ಬರೆಯುವುದು. ಆ ಕಾಮಗಾರಿ ಅಲ್ಲಿ ನಿಜವಾಗಿ ಇದೆಯೋ ಇಲ್ಲವೋ ಎಂದು ತಿರುಗಿ ನೋಡುವ ಗೋಜಿಗೆ ಅವನು ಹೋಗುತ್ತಿರಲಿಲ್ಲ. ಅವನ ಚಿಂತೆಯೆಲ್ಲ ಒತ್ತಕ್ಷರ ಗೆರೆ ದಾಟಬಾರದು ಎಂಬುದರಲ್ಲೇ ಇರುತ್ತಿತ್ತು.

ಹೆಂಡತಿ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಆಯಾ. ಮಗಳು ಅಲ್ಲೇ ಓದುತ್ತಿದ್ದಳು. ಶಾಲೆಗೆ ರಜೆ ಇದ್ದಾಗ ಒಂದು ದಿನ, ಈ ಬೋರ್ಡುಗಳನ್ನು ಬರೆಸುತ್ತಿದ್ದ ಇಂಜಿನಿಯರು ಅವನನ್ನು ಶಾಲೆಯ ಹಿಂಭಾಗಕ್ಕೆ ಕರೆಸಿಕೊಂಡರು.

"ಗ್ರಂಥಾಲಯದ ಬೋರ್ಡು ಬರೀಬೇಕಪ್ಪ," ಎಂದರು.

"ಗ್ರಂಥಾಲಯ ಎಲ್ಲಿದೆ ಸಾರ್?"

"ಅದೇ ಸ್ವಲ್ಪ ತೊಂದರೆ. ಕಾಗದದಲ್ಲಿ ಕಟ್ಟಿ ಮುಗಿಸಿದ್ದೀವಿ. ದುಡ್ಡೂ ಮುಗಿದಿದೆ. ಈಗ ಮೇಲಿನ ಆಫೀಸಿನವರು ಫೋಟೋ ಕಳಿಸಿ ಅಂತ ಪ್ರಾಣ ತಿಂತಿದ್ದಾರೆ. ಈ ಗೋಡೆ ಮೇಲೆ, ಬೋರ್ಡಿನ ಕೆಳಗೆ ಒಂದು ಬಾಗಿಲು, ಎರಡು ಕಿಟಕಿ ಬರೆದುಬಿಡು. ದೂರದಿಂದ ನೋಡಿದ್ರೆ ರೂಮು ಅನ್ನಿಸಬೇಕು, ಅಷ್ಟೆ."

ಬೇರೆಯವರಾಗಿದ್ದರೆ ಸಿಟ್ಟಾಗುತ್ತಿದ್ದರೋ, ಹೆದರುತ್ತಿದ್ದರೋ. ಅವನ ಕಿವಿಗೆ ಬಿದ್ದದ್ದೇ ಬೇರೆ. ಎಷ್ಟೋ ವರ್ಷಗಳ ಮೇಲೆ ಒಬ್ಬರು ಬಾಯಿಬಿಟ್ಟು ಅವನನ್ನು ಚಿತ್ರ ಬರೆ ಎಂದು ಕೇಳಿದ್ದರು.

"ದೂರದಿಂದ ಯಾಕೆ ಸಾರ್," ಎಂದ. "ಹತ್ತಿರ ಬಂದ್ರೂ ಅನ್ನಿಸೋ ಹಾಗೆ ಬರೀತೀನಿ."

ರಜೆ ಮುಗಿಯುವವರೆಗೂ ಅವನಿಗೆ ಊಟ ನಿದ್ದೆಯ ಕಡೆ ಗಮನವಿರಲಿಲ್ಲ. ಗೋಡೆಯ ಮೇಲೆ ತೇಗದ ಬಾಗಿಲು ಎದ್ದಿತು. ಅದಕ್ಕೆ ಹಿತ್ತಾಳೆಯ ಚಿಲಕ, ಚಿಲಕಕ್ಕೆ ಬೀಗ, ಬೀಗಕ್ಕೆ ನೆರಳು. ಒಂದು ಕಿಟಕಿ ಮುಚ್ಚಿತ್ತು, ಇನ್ನೊಂದು ತೆರೆದಿತ್ತು. ತೆರೆದ ಕಿಟಕಿಯೊಳಗೆ ಪುಸ್ತಕದ ಕಪಾಟು, ಒಂದು ಮೇಜು, ಯಾರೋ ಈಗಷ್ಟೇ ಎದ್ದುಹೋದಂತೆ ಓರೆಯಾಗಿ ಸರಿಸಿದ ಕುರ್ಚಿ. ಕೆಲಸ ಮುಗಿದ ದಿನ ಗುಬ್ಬಿಯೊಂದು ಕಿಟಕಿಯ ಅಂಚಿನಲ್ಲಿ ಕೂರಲು ಬಂದು ಜಾರಿ ಬಿತ್ತು. ಅವನಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ.

ಫೋಟೋ ಹೋಯಿತು. ಮೇಲಿನ ಆಫೀಸಿನವರು ಬಹಳ ಮೆಚ್ಚಿಕೊಂಡರು. ಗ್ರಂಥಾಲಯವನ್ನು ದಿನವೂ ಸ್ವಚ್ಛವಾಗಿಡಬೇಕೆಂದು ಆದೇಶ ಬಂದಾಗ ಹೆಡ್‌ಮಾಸ್ಟರು ಆಯಾಳನ್ನು ಕರೆದರು.

"ಗ್ರಂಥಾಲಯಾನೂ ಒಂದು ಸಲ ಒರೆಸಿಬಿಡಮ್ಮ."

"ಏನನ್ನ ಒರೆಸಲಿ ಸಾರ್, ಗೋಡೆನಾ?"

"ಬಾಗಿಲಿನ ತನಕ ಒರೆಸು. ಒಳಗೆ ಹೋಗೋದು ಬೇಡ."

ಅವಳು ದಿನವೂ ಒದ್ದೆ ಬಟ್ಟೆ ಹಿಡಿದು ಗಂಡ ಬರೆದ ಬಾಗಿಲನ್ನು ಒರೆಸಿದಳು. ಸಂಜೆ ಮನೆಗೆ ಬಂದು, "ನಿಮ್ಮ ಬೀಗದ ಮೇಲೆ ಇವತ್ತೂ ಧೂಳಿತ್ತು ಕಣ್ರೀ," ಎನ್ನುವಳು. ಅವನು ಗಾಬರಿಯಾಗಿ, "ಮೆಲ್ಲಗೆ ಒರೆಸೇ, ನೆರಳು ಅಳಿಸಿಹೋಗುತ್ತೆ," ಎನ್ನುವನು. ಹೆಡ್‌ಮಾಸ್ಟರಂತೂ ನಿರಾಳವಾಗಿದ್ದರು. ಇಡೀ ಶಾಲೆಯಲ್ಲಿ ಮಳೆಗೆ ಸೋರದ ಕೋಣೆ ಅದೊಂದೇ ಎಂದು ನಗುತ್ತಿದ್ದರು.

ಎಡವಟ್ಟಾದದ್ದು ಚಿತ್ರ ಅಷ್ಟು ಚೆನ್ನಾಗಿ ಬಂದದ್ದರಿಂದಲೇ. ಉಳಿದ ಶಾಲೆಗಳಿಗೆಲ್ಲ ಇದೇ ಮಾದರಿ ಆಗಲಿ ಎಂದು ಮೇಲಿನವರು ತೀರ್ಮಾನಿಸಿದರು. ಖುದ್ದಾಗಿ ನೋಡಿ, ಲೆಕ್ಕ ತಪಾಸಣೆ ಮಾಡಿ ಬರಲು ಒಬ್ಬ ಅಧಿಕಾರಿಣಿಯನ್ನು ಕಳಿಸಿದರು. ಮಾತು ಕಡಿಮೆ, ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಆಕೆ ಗೋಡೆಯ ಹತ್ತಿರ ಬಂದು, ಬೀಗದ ಮೇಲೆ ಒಂದು ಬೆರಳಿಟ್ಟು, ತೆಗೆದು, ಬೆರಳನ್ನು ನೋಡಿಕೊಂಡರು.

"ಬೀಗ ತೆಗೆಸಿ," ಎಂದರು.

"ಕೀಲಿ ಗುಮಾಸ್ತರ ಹತ್ರ ಇದೆ ಮೇಡಂ," ಎಂದರು ಹೆಡ್‌ಮಾಸ್ಟರು. "ಅವರು ರಜೆಯಲ್ಲಿದ್ದಾರೆ."

"ಪರವಾಗಿಲ್ಲ. ನಾಳೆ ಬೆಳಿಗ್ಗೆ ಬರ್ತೀನಿ. ಅಷ್ಟರಲ್ಲಿ ತೆಗೆದಿರಲಿ."

ಆಕೆಯ ಜೀಪು ಗೇಟು ದಾಟುವುದೇ ತಡ, ಇಂಜಿನಿಯರು ಎದ್ದೆನೋ ಬಿದ್ದೆನೋ ಎಂದು ಆರ್ಟಿಸ್ಟನ ಮನೆಗೆ ಓಡಿದರು.

"ಬಾಗಿಲು ತೆಗೀಬೇಕಪ್ಪ, ಬೇಗ ಬಾ."

"ತೆಗೆಯೋದು ಹೇಗೆ ಸಾರ್?"

"ತೆರೆದಿರೋ ಹಾಗೆ ಬರಿ. ಅಷ್ಟೂ ಗೊತ್ತಾಗಲ್ವಾ?"

ಬೆಳಕು ಆರುವುದರೊಳಗೆ ಅವನು ಬಾಗಿಲು ತೆರೆದ. ತೆರೆದ ಮೇಲೆ ಒಳಗಿನದೆಲ್ಲ ಕಾಣಬೇಕಲ್ಲ? ಸಾಲು ಸಾಲು ಕಪಾಟು, ಮೂಲೆಯಲ್ಲೊಂದು ಭೂಗೋಳ, ನೆಲದ ಮೇಲೆ ಹಾಸಿದಂತೆ ಬಿದ್ದ ಬಿಸಿಲು. ಅಪ್ಪ ಇದ್ದಿದ್ದರೆ ನೋಡುತ್ತಿದ್ದನಲ್ಲ ಎಂದು ಅವನ ಕಣ್ಣು ತೇವವಾಯಿತು.

ಮರುದಿನ ಸುದ್ದಿ ಕೇಳಿ ಮಕ್ಕಳ ಅಪ್ಪಅಮ್ಮಂದಿರೂ ಅಂಗಳದಲ್ಲಿ ಸೇರಿದ್ದರು. ಮೇಡಂ ತೆರೆದ ಬಾಗಿಲನ್ನು ನೋಡಿ ತಲೆಯಾಡಿಸಿದರು.

"ಬನ್ನಿ, ಒಳಗೆ ಹೋಗೋಣ. ಇಂಜಿನಿಯರೇ, ನೀವೇ ಕಟ್ಟಿಸಿದ್ದಲ್ವಾ? ನೀವು ಮೊದಲು."

ಇಂಜಿನಿಯರು ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹೋದರು. ಮೂಗು ಗೋಡೆಗೆ ತಾಗಿದಾಗ ನಿಂತರು. ಮುಂದೆ ಹೋಗುವ ಹಾಗಿಲ್ಲ, ತಿರುಗಿ ಬರಲು ಮುಖವಿಲ್ಲ.

"ಒಳಗಿದ್ದೀರಾ?" ಎಂದು ಮೇಡಂ ಕೇಳಿದರು.

"ಇದ್ದೀನಿ ಮೇಡಂ," ಎಂದರು ಇಂಜಿನಿಯರು, ಗೋಡೆಗೆ.

"ಹೇಗಿದೆ?"

"ಸ್ವಲ್ಪ ಇಕ್ಕಟ್ಟು ಮೇಡಂ."

"ಪುಸ್ತಕ ಜಾಸ್ತಿಯಾಗಿ ಹಾಗಾಗಿದೆ," ಎಂದು ಹೆಡ್‌ಮಾಸ್ಟರು ದನಿಗೂಡಿಸಿದರು.

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಮಾತ್ರ ಅದೇ ಮುಖದಲ್ಲಿ, "ಇದನ್ನ ಬರೆದದ್ದು ಯಾರು?" ಎಂದರು.

ಆಯಾ ಗಂಡನ ತೋಳು ಹಿಡಿದು, ಸುಮ್ಮನಿರಿ ಎಂದು ಕಣ್ಣಲ್ಲೇ ಹೇಳಿದಳು. ಅವನು ಸುಮ್ಮನೇ ಇದ್ದುಬಿಡುತ್ತಿದ್ದನೋ ಏನೋ. ಅಷ್ಟರಲ್ಲಿ ಹೆಡ್‌ಮಾಸ್ಟರು, "ಯಾರೋ ಮಕ್ಕಳು ಗೀಚಿರಬೇಕು ಮೇಡಂ," ಎಂದುಬಿಟ್ಟರು.

ಅವನಿಗೆ ಕೆನ್ನೆಗೆ ಹೊಡೆದಂತಾಯಿತು. ಹೆಂಡತಿಯ ಕೈ ಕೊಡವಿ ಮುಂದೆ ಬಂದ.

"ಗೀಚೋದಾ? ಆ ಚಿಲಕದ ನೆರಳು ನೋಡಿ ಮೇಡಂ. ನೆಲದ ಮೇಲಿನ ಬಿಸಿಲು ನೋಡಿ. ಅದನ್ನ ಮಕ್ಕಳು ಗೀಚೋಕಾಗುತ್ತಾ? ನಾನು ಬರೆದದ್ದು. ಒಂದೊಂದು ಗೆರೆಯೂ ನಂದೇ."

"ಬರೆಸಿದ್ದು ಯಾರು?"

"ಈಗ ಒಳಗಿದ್ದಾರಲ್ಲ, ಅವರು."

ಆಯಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಂಗಳ ನಕ್ಕು ನಕ್ಕು ಸುಸ್ತಾಯಿತು. ನಗು ನಿಂತ ಮೇಲೆ ದರ್ಜಿಯ ಹೆಂಡತಿ, "ಹಾಗಾದ್ರೆ ನಮ್ಮ ಮಕ್ಕಳ ಪುಸ್ತಕ ಎಲ್ಲಿ?" ಎಂದು ಕೇಳಿದಳು. ಆಗ ಮಾತ್ರ ಯಾರೂ ನಗಲಿಲ್ಲ. ಮೇಡಂ ಅವಳ ಮಾತನ್ನು ಇದ್ದದ್ದು ಇದ್ದ ಹಾಗೇ ಬರೆದುಕೊಂಡರು. ಹೊರಡುವಾಗ ಆರ್ಟಿಸ್ಟನ ಮುಂದೆ ನಿಂತು, "ಕೆಲಸ ಬಹಳ ಚೆನ್ನಾಗಿದೆ. ಒಡೆಸ್ತೀನಿ," ಎಂದರು.

ಒಡೆಸಿದರು ಕೂಡ. ಇಂಜಿನಿಯರನ್ನು ಅಮಾನತು ಮಾಡಿದರು. ತಿಂದವರಿಂದಲೇ ಹಣ ಕಕ್ಕಿಸಿ ಅದೇ ಜಾಗದಲ್ಲಿ ನಿಜವಾದ ಕೋಣೆ ಕಟ್ಟಿಸಬೇಕೆಂದು ಆದೇಶವಾಯಿತು. ಆರ್ಟಿಸ್ಟ್ ಹೇಳಿಕೆ ಕೊಡಲು ಆಫೀಸಿಗೆ ಅಲೆದು ಚಪ್ಪಲಿ ಸವೆಸಿದ. ಬೋರ್ಡು ಬರೆಯುವ ಕೆಲಸವೂ ಕೈಬಿಟ್ಟುಹೋಯಿತು, ಅವನನ್ನು ಕಂಡರೆ ಈಗ ಎಲ್ಲ ಇಂಜಿನಿಯರುಗಳೂ ದಾರಿ ಬದಲಿಸುತ್ತಿದ್ದರು. ಮನೆಗಳಿಗೆ ಸುಣ್ಣ ಬಳಿದು ಹೊಟ್ಟೆ ಹೊರೆಯತೊಡಗಿದ. ಗೋಡೆ ಒಡೆಯುವ ದಿನ ಮನೆಯಲ್ಲೇ ಕೂತು ಸುತ್ತಿಗೆಯ ಸದ್ದು ಕೇಳಿದ. ಹೆಂಡತಿಯೂ ಅವತ್ತು ತಮಾಷೆ ಮಾಡಲಿಲ್ಲ.

ಹೊಸ ಕೋಣೆಗೆ ಕಬ್ಬಿಣದ ಬಾಗಿಲು. ಕಿಟಕಿ ಚಿಕ್ಕದು, ಬಿಸಿಲು ಬರುವುದೇ ಇಲ್ಲ. ಹಳೆಯದೇ ಚೆನ್ನಾಗಿತ್ತು ಎಂದು ಮಕ್ಕಳು ಅವನೆದುರೇ ಹೇಳಿದರು. ಅವನಿಗೆ ಒಳಗೊಳಗೇ ಖುಷಿಯಾಯಿತು. ಆದರೆ ಮಗಳು ಅಲ್ಲಿಂದ ಒಂದು ಪುಸ್ತಕ ತಂದು, ಹೊಸ್ತಿಲ ಮೇಲೆ ಕೂತು, ಊಟಕ್ಕೆ ಕರೆದರೂ ಕೇಳಿಸದಷ್ಟು ಮುಳುಗಿದಾಗ ತಾನು ಬರೆದ ಬಾಗಿಲ ಮಾತು ಎತ್ತಲು ಅವನಿಗೆ ಬಾಯಿ ಬರಲಿಲ್ಲ.

ವರ್ಷ ತಿರುಗುವುದರೊಳಗೆ ಇಂಜಿನಿಯರು ಬೇರೆ ಊರಲ್ಲಿ ಮತ್ತೆ ಕೆಲಸಕ್ಕೆ ಸೇರಿದರು. ಒಂದು ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಅವನ ಮನೆಗೇ ಬಂದರು.

"ಆದದ್ದಾಯ್ತು ಬಿಡಪ್ಪ. ಅಲ್ಲೊಂದು ಆಸ್ಪತ್ರೆ ಇದೆ, ಎರಡು ಮಹಡಿ. ನಿನ್ನಂಥ ಕೈ ಅಲ್ಲಿ ಯಾರಿಗೂ ಇಲ್ಲ."

ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ ಒಳಗಿನಿಂದ ಬಂದಳು. "ಆಸ್ಪತ್ರೆ ಇವರು ಬರೀತಾರೆ ಸಾರ್. ರೋಗಿಗಳು ಎಲ್ಲಿ ಮಲಗ್ತಾರೆ?"

ಇಂಜಿನಿಯರು ಉತ್ತರಕ್ಕಾಗಿ ಅವನ ಮುಖ ನೋಡಿದರು. ಅವನು ತನ್ನ ಕೈಬೆರಳುಗಳನ್ನು ನೋಡಿಕೊಂಡು, "ಆಗಲ್ಲ ಸಾರ್," ಎಂದ.

ಅವರು ಹೋದ ಮೇಲೆ ಸುಣ್ಣದ ಬಕೆಟ್ಟು ಎತ್ತಿಕೊಂಡು ಹೊರಟವನು ಬಾಗಿಲಲ್ಲಿ ನಿಂತ.

"ಎರಡು ಮಹಡಿ ಅಂದ್ರು ನೋಡೇ," ಎಂದ ಹೆಂಡತಿಗೆ. "ಮೆಟ್ಟಿಲು ಬರೆಯೋದು ಅಷ್ಟು ಸುಲಭ ಅಲ್ಲ."

ಅವಳು ಅವನನ್ನೇ ದಿಟ್ಟಿಸಿದಳು. ಅವನು ತಲೆ ತಗ್ಗಿಸಿ ಕೆಲಸಕ್ಕೆ ನಡೆದ.